ಎಡದಿಂದ ಮೂರನೆಯದು

"ಕೆಟ್ಟದ್ದನ್ನ ಕೀಳೋದು, ಆ ಜಾಗಕ್ಕೆ ಹೊಸದನ್ನ ಕೂರಿಸೋದು. ನಾನು ದಿನಾ ಮಾಡೋ ಕೆಲಸ ಇದು. ಇಷ್ಟಕ್ಕೆ ನಿನ್ನ ತಮ್ಮನ್ನ ಕರೆಸಬೇಕಾ?" ಎಂದು ಹಲ್ಲಿನ ಡಾಕ್ಟರು ಭಾನುವಾರ ಬೆಳಗ್ಗೆ ತೋಳು ಮಡಿಸುತ್ತ ಹೆಂಡತಿಗೆ ಸಾರಿದರು.

ಕೀಳಬೇಕಾಗಿದ್ದದ್ದು ಹಲ್ಲಲ್ಲ, ಕಂಪ್ಯೂಟರ್ ಡಿಸ್ಕು. ಅವರ ಬಟ್ಟೆ ಬೀರುವಿನ ಪಕ್ಕದಲ್ಲಿ ಕಪ್ಪು ಪೆಟ್ಟಿಗೆಯೊಂದು ಸದಾ ಗುಂಯ್‌ಗುಡುತ್ತಿತ್ತು. ಒಳಗೆ ಸಾಲಾಗಿ ನಾಲ್ಕು ಡಿಸ್ಕು. ಮನೆಯವರ ಫೋಟೋ, ವಿಡಿಯೋ ಎಲ್ಲವೂ ಅದರ ಹೊಟ್ಟೆಯಲ್ಲೇ. ಒಂದು ಡಿಸ್ಕು ಕೈಕೊಟ್ಟರೆ ಉಳಿದ ಮೂರು ಹೇಗೋ ಸಂಸಾರ ತೂಗಿಸುತ್ತವೆ. ಎರಡು ಕೈಕೊಟ್ಟರೆ ಎಲ್ಲಕ್ಕೂ ಎಳ್ಳುನೀರು. ಎಡದಿಂದ ಮೂರನೆಯದು ಕೆಟ್ಟಿದೆಯೆಂದು ಪೆಟ್ಟಿಗೆಯೇ ಡಾಕ್ಟರ ಫೋನಿಗೆ ಸುದ್ದಿ ಕಳಿಸಿತ್ತು.

"ಅಮ್ಮನ ಕಥೆಗಳೂ ಅದರಲ್ಲೇ ಇವೆ. ಹುಷಾರು," ಅಂದಳು ಹೆಂಡತಿ.

ಈಗಿಲ್ಲದ ತಾಯಿ ಮೊಮ್ಮಗಳಿಗೆ ಹೇಳುತ್ತಿದ್ದ ಕಥೆಗಳನ್ನು ಅವಳು ಫೋನಿನಲ್ಲಿ ಹಿಡಿದಿಟ್ಟಿದ್ದಳು. "ಫೋನಿಗ್ಯಾಕೆ ಭಾರ? ನನ್ನ ಕೋಟೆಯಲ್ಲಿಡು" ಎಂದು ಅಲ್ಲಿಂದ ತೆಗೆಸಿದವರು ಇದೇ ಡಾಕ್ಟರು. ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ಅವಳು ಬಟ್ಟೆ ಒಣಹಾಕಲು ಹೋದಳು. ಡಾಕ್ಟರು ಪೆಟ್ಟಿಗೆಯ ಮುಂದೆ ಮಂಡಿಯೂರಿದರು. ಅವರ ಕಸುಬಿನಲ್ಲಿ ಎಡ ಎಂದರೆ ಎದುರಿಗೆ ಬಾಯಿ ತೆರೆದು ಕೂತವರ ಎಡ. ಅದೇ ಅಭ್ಯಾಸಬಲದಿಂದ ಪೆಟ್ಟಿಗೆಯ ಎಡದಿಂದ, ಅಂದರೆ ತಮ್ಮ ಬಲಗಡೆಯಿಂದ ಎಣಿಸಿದರು, ಹಿಡಿದರು, ಎಳೆದರು. ನೋವಿಲ್ಲದೆ ಬಂತು.

ಮೀಸೆಯಲ್ಲೇ ನಗುವಷ್ಟರಲ್ಲಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಅರಚಿಕೊಂಡಿತು. ಕೆಟ್ಟಿದ್ದಕ್ಕೆ ಗುರುತಾಗಿ ಕೆಂಪು ದೀಪ ಹೊತ್ತಿದ್ದ ಡಿಸ್ಕು ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಡಾಕ್ಟರ ಕೈಯಲ್ಲಿದ್ದದ್ದು ಅದರ ಪಕ್ಕದ ಗಟ್ಟಿಮುಟ್ಟಾದ ಡಿಸ್ಕು.

"ರೀ, ಏನದು ಕೂಗ್ತಿರೋದು?"

"ಏನಿಲ್ಲ, ಸಂತೋಷಕ್ಕೆ."

ಫೋನಿನಲ್ಲಿ ತೆರೆದು ನೋಡಿದರೆ ಒಂದು ಫೋಟೋ ಇಲ್ಲ, ಒಂದು ಕಥೆ ಇಲ್ಲ, ಎಲ್ಲ ಬಟಾಬಯಲು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದುನನಿಗೆ ಪಿಸುಮಾತಿನಲ್ಲಿ ಫೋನು ಮಾಡಿದರು.

"ಎಷ್ಟು ಕಿತ್ರಿ ಭಾವ?"

"ಒಂದೇ. ಆದ್ರೆ ಒಳ್ಳೇದನ್ನ."

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಅಮ್ಮನ ಕಥೆ ಅದರಲ್ಲೇ ಅಲ್ವಾ ಇರೋದು?"

ಅದು ಅವನ ಅಮ್ಮನೂ ಹೌದೆಂಬುದು ಡಾಕ್ಟರಿಗೆ ಆಗ ಹೊಳೆಯಿತು. "ಹೂಂ, ಅದರಲ್ಲೇ," ಎಂದರು.

"ಹೊಸದನ್ನ ಇನ್ನೂ ಹಾಕಿಲ್ಲ ತಾನೆ? ಬದುಕಿದ್ರಿ. ಪೆಟ್ಟಿಗೆ ಆಫ್ ಮಾಡಿ, ಕಿತ್ತದ್ದನ್ನ ಕಿತ್ತ ಜಾಗಕ್ಕೇ ಕೂರಿಸಿ, ಮತ್ತೆ ಆನ್ ಮಾಡಿ. ಸರಿಹೋದ್ರೆ ಕೆಂಪು ದೀಪ ಇರೋದನ್ನ ಬದಲಾಯಿಸಿ. ಎಡ ಬಲ ಮರೆತುಬಿಡಿ, ಬರೀ ಕೆಂಪು."

ಪೆಟ್ಟಿಗೆ ಕೆಮ್ಮಿತು, ನರಳಿತು, ಕೊನೆಗೆ ಕಣ್ಣು ಬಿಟ್ಟಿತು. ಫೋಟೋಗಳು ಒಂದೊಂದಾಗಿ ಮೂಡಿದವು. ಡಾಕ್ಟರು ಕೆಂಪು ದೀಪವನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿ ಆ ಡಿಸ್ಕನ್ನು ತೆಗೆದು ಹೊಸದನ್ನು ಕೂರಿಸಿದರು. ಉಳಿದ ಮೂರರಿಂದ ಅದು ತುಂಬಿಕೊಳ್ಳುವವರೆಗೆ ಇನ್ನೊಂದು ಡಿಸ್ಕು ಕೆಡಬಾರದು. ಹೆರಿಗೆ ಕೋಣೆಯ ಮುಂದೆ ಕಾಯುವವರ ಹಾಗೆ ಸ್ಟೂಲ್ ಹಾಕಿಕೊಂಡು ಕೂತರು. ಊಟಕ್ಕೂ ಏಳಲಿಲ್ಲ. ಹೆಂಡತಿ ಮಿಕ್ಸಿ ಹಾಕಹೊರಟಾಗ ಕರೆಂಟು ಹೋದೀತೆಂದು ಓಡಿಹೋಗಿ ಪ್ಲಗ್ ಕಿತ್ತರು.

"ಇವತ್ತು ಏನೇನು ಕೀಳಬೇಕು ಅಂತಿದೀರಿ?" ಎಂದಳು. ಡಾಕ್ಟರು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದರು. ಅವಳು ಮಿಕ್ಸಿ ಅಲ್ಲೇ ಬಿಟ್ಟು ತಾನೂ ಒಂದು ಸ್ಟೂಲ್ ತಂದು ಪಕ್ಕದಲ್ಲಿ ಕೂತಳು.

ಸಂಜೆ ನಾಲ್ಕೂ ದೀಪ ಹಸಿರಾದವು. "ಮೊದಲು ಅಮ್ಮನ್ನ ಹಾಕಿ," ಅಂದಳು. ಇಷ್ಟು ದಿನ ಕೋಟೆ ಕಾದ ಡಾಕ್ಟರು ಆ ಕಥೆಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಒತ್ತಿದರು. ಕೆಮ್ಮು, ಬಳೆಯ ಸದ್ದು, ಆಮೇಲೆ ಅತ್ತೆಯ ದನಿ:

"ಶುರುವಾಯ್ತೇನೆ? ಜೋಪಾನವಾಗಿಡು ಮಗಳೇ. ಅಳಿಯಂದ್ರ ಕೈಗೆ ಮಾತ್ರ ಕೊಡಬೇಡ. ಅಳಿಯ ಅಂದ್ರೇನೇ ಅಳಿಸೋನು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಪ್ರತಿ ಕಥೆಗೂ ಮುಂಚೆ ಇದನ್ನೇ ಹೇಳ್ತಿದ್ರು ಕಣ್ರೀ. ಒಂದನ್ನಾದ್ರೂ ಕೇಳಿದ್ರೆ ನಿಮಗೂ ಗೊತ್ತಿರೋದು."