ಸ್ಟಾಫ್ ರೂಮಿಗೆ ಕಾಣದ ಫೋಲ್ಡರು

ಏನೂ ತಿಳಿಯದವನಿಂದ ಯಾರಿಗೂ ಅಪಾಯವಿಲ್ಲ. ಎಲ್ಲ ತಾಪತ್ರಯ ಅರ್ಧ ತಿಳಿದವನಿಂದ. ಆ ಅರ್ಧ ತಿಳಿದವನು ನಾನೇ ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಪುತ್ತಿಗೆಯ ಹತ್ತಿರದ ನಮ್ಮ ಶಾಲೆಯ ಕನ್ನಡ ವಿಭಾಗದಲ್ಲಿ ಸಮಾಜ ಪಾಠ ಮಾಡಿಕೊಂಡು ಸುಖವಾಗಿದ್ದೆ. ಕೆಟ್ಟಿದೆಯೆಂದು ಎಲ್ಲರೂ ಕೈಬಿಟ್ಟಿದ್ದ ಪ್ರೊಜೆಕ್ಟರಿನ ಲೆನ್ಸಿನ ಮುಚ್ಚಳವನ್ನು ಒಮ್ಮೆ ತೆಗೆದು ಚಿತ್ರ ಬರಿಸಿದೆ ನೋಡಿ, ಅವತ್ತಿನಿಂದ ಕಂಪ್ಯೂಟರುಗಳ ಉಸ್ತುವಾರಿ ನನ್ನ ತಲೆಗೆ ಬಿತ್ತು.

ನಮ್ಮ ಕೇರಳದ ಶಾಲೆಗಳಲ್ಲಿ ಕಂಪ್ಯೂಟರು ನಡೆಯುವುದು ಲಿನಕ್ಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ. ಹುರುಪಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸೇರಿದ, ಯಾವ ಕಂಪ್ಯೂಟರಿನಿಂದಲೂ ತೆರೆಯಬಹುದಾದ ಒಂದು ಫೋಲ್ಡರು ಮಾಡಿ ನೆಟ್‌ವರ್ಕಿಗೆ ಬಿಟ್ಟೆ. "ಇನ್ನು ಶಾಲೆಯಲ್ಲಿ ಪೆನ್ ಡ್ರೈವ್ ಬಂದ್" ಎಂದು ಸ್ಟಾಫ್ ಮೀಟಿಂಗಿನಲ್ಲಿ ಘೋಷಿಸಿಯೂ ಆಯಿತು. ಘೋಷಿಸಿದ ಮೇಲೆ ಸ್ಟಾಫ್ ರೂಮಿನಿಂದ ಅದನ್ನು ತೆರೆದು ನೋಡುವುದು ನನಗೆ ಅಗತ್ಯವೆನಿಸಲಿಲ್ಲ.

ತಿಂಗಳ ನಂತರ ಪರೀಕ್ಷೆ. ಪ್ರಶ್ನೆಪತ್ರಿಕೆ ಮಲಯಾಳದಲ್ಲಿ ಬಂದಿತ್ತು. ಹಿಂದಿನ ದಿನ ಆಫೀಸಿನಲ್ಲೇ ಕುಳಿತು ಅದನ್ನು ಕನ್ನಡ ಮಾಡಿ ಆ ಫೋಲ್ಡರಿಗೆ ಹಾಕಿದ್ದೆ. ಪ್ರಿಂಟರು ಇರುವುದು ಅಂಗಳದಾಚೆಯ ಸ್ಟಾಫ್ ರೂಮಿನಲ್ಲಿ. ಹತ್ತು ಗಂಟೆಗೆ ಪರೀಕ್ಷೆ. ಒಂಬತ್ತೂವರೆಗೆ ಅಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಫೈಲ್ ಮ್ಯಾನೇಜರ್ ತೆರೆದು 'ನೆಟ್‌ವರ್ಕ್' ಒತ್ತಿದರೆ ಒಳಗೆ ಪೂರ್ತಿ ಖಾಲಿ. ಕಮಾಂಡ್ ಕೊಟ್ಟೆ, ರೀಸ್ಟಾರ್ಟ್ ಮಾಡಿದೆ, ಕಂಡ ದೈವಗಳಿಗೆಲ್ಲ ಹರಕೆ ಹೊತ್ತೆ. ಪ್ರಶ್ನೆಪತ್ರಿಕೆಯಿಲ್ಲದೆ ಕೂರುವ ಮೂವತ್ತು ಮಕ್ಕಳ ಮುಖ ಕಣ್ಣೆದುರು ಬಂದು ನಿಜಕ್ಕೂ ಹೆದರಿದೆ.

ಅಟೆಂಡರ್ ಐತಪ್ಪಣ್ಣ ಮೆಲ್ಲ ಕೇಳಿದರು: "ಮಾಷೆ, ಆಫೀಸಿಗೆ ಹೋಗಿ ಪೆನ್ ಡ್ರೈವಿನಲ್ಲಿ ತಂದರೆ ಎಂತ?"

"ನಿಮಗೆ ಇದೆಲ್ಲ ಗೊತ್ತಾಗುದಿಲ್ಲ ಐತಪ್ಪಣ್ಣ" ಎಂದು ರೇಗಿ ಮತ್ತೊಂದು ಕಮಾಂಡ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಪ್ರಿಂಟರು ಗರಗರ ಎಂದಿತು. ಅಂತೂ ಫಲಿಸಿತೆಂದು ಹಿಗ್ಗಿ ತಿರುಗಿದರೆ, ಪ್ರಿಂಟರಿನ ಕಂಪ್ಯೂಟರಿನ ಮುಂದೆ ಗಣಿತದ ಖದೀಜ ಟೀಚರ್. ಆಫೀಸಿಗೆ ಹೋಗಿ ನನ್ನ ಪ್ರಶ್ನೆಪತ್ರಿಕೆಯನ್ನು ತುಂಬಿಸಿ ತಂದ ಕೆಂಪು ಪೆನ್ ಡ್ರೈವೊಂದನ್ನು ಅದಕ್ಕೆ ಸಿಕ್ಕಿಸಿದ್ದರು.

"ಬೇಜಾರು ಮಾಡ್ಬೇಡಿ ಮಾಷೆ" ಎಂದರು. "ನಿಮ್ಮ ಫೋಲ್ಡರು ಇಲ್ಲಿ ನಮಗೆ ಒಂದು ದಿನವೂ ಕಾಣ್ಲಿಲ್ಲ. ಅಷ್ಟು ಖುಷಿಯಲ್ಲಿ ಮಾಡಿದ್ದೀರಿ, ಹೇಳುದು ಹೇಗೆ ಅಂತ ಸುಮ್ಮನಿದ್ದೆವು."

ಪರೀಕ್ಷೆ ಹತ್ತಕ್ಕೇ ಶುರುವಾಯಿತು. ಮಧ್ಯಾಹ್ನ ಓದಿ ತಿಳಿದೆ: ಹೊಸ ಲಿನಕ್ಸಿನಲ್ಲಿ ಇಂಥ ಫೋಲ್ಡರು ಕೆಲವೊಮ್ಮೆ ತಾನಾಗಿ ಕಾಣಿಸಿಕೊಳ್ಳುವುದಿಲ್ಲ, ಫೈಲ್ ಮ್ಯಾನೇಜರಿನ ಮೇಲಿನ ಪಟ್ಟಿಯಲ್ಲಿ ಆ ಕಂಪ್ಯೂಟರಿನ ವಿಳಾಸ ಬರೆದರೆ ತೆರೆಯುತ್ತದೆ. ಬರೆದೆ. ತೆರೆಯಿತು. ಒಂದು ತಿಂಗಳು ಇಡೀ ಶಾಲೆಗೆ ಸೇವೆ ಸಲ್ಲಿಸಿದ ಆ ಫೋಲ್ಡರಿನಲ್ಲಿ ಇದ್ದದ್ದು ಎರಡೇ ಫೈಲು: ನನ್ನ ಪ್ರಶ್ನೆಪತ್ರಿಕೆ, ಮತ್ತು ಮೊದಲ ದಿನ ಪರೀಕ್ಷಿಸಲೆಂದು ನಾನೇ ಹಾಕಿದ್ದ 'ಎಲ್ಲರಿಗೂ ಸ್ವಾಗತ'.

ಮರುದಿನ ಕುಂಬಳೆ ಪೇಟೆಯಲ್ಲಿ ನಾನೂ ಒಂದು ಪೆನ್ ಡ್ರೈವ್ ಕೊಂಡೆ. ಬಂದ್ ಮಾಡಿದವನು ನಾನೇ ತಾನೆ, ಹಾಗಾಗಿ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಮಾತ್ರ ಹೊರಗೆ ತೆಗೆಯುತ್ತೇನೆ. ಎಲ್ಲರಿಗೂ ಗೊತ್ತುಂಟು, ಯಾರೂ ಹೇಳುವುದಿಲ್ಲ.