ಸರ್ವಋತು ಸೈಕಲ್ಲು

ಏರಿ ಕೂತದ್ದೇ ತಡ, ಸೀಟು ಸರ್ರನೆ ಕುಸಿದು ಮೊಣಕಾಲು ಗಲ್ಲಕ್ಕೆ ಬಡಿಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರಿನ ಮರೆಯಲ್ಲಿ ಕೆಮ್ಮಿದರು. ನನ್ನ ಮಾನ ಉಳಿಸಲು ನಗುವನ್ನೇ ಕೆಮ್ಮಾಗಿಸಿಕೊಂಡ ದೊಡ್ಡ ಮನುಷ್ಯ!

"ಸೀಟಿನ ಬೋಲ್ಟು ಬಿಗಿ ಮಾಡೋದು ಮರೆತ್ರಾ?" ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದಳು.

"ಎತ್ತರ ಪರೀಕ್ಷೆ ಮಾಡ್ತಿದ್ದೆ," ಎಂದೆ.

ಅದೇನು ಸಾಮಾನ್ಯ ಸೈಕಲ್ಲೇ? ಬೆಟ್ಟ ಹತ್ತಲೆಂದೇ ಹುಟ್ಟಿ, ಯಾರದೋ ಮೆಟ್ಟಿಲ ಕೆಳಗೆ ಒದ್ದೆ ಬಟ್ಟೆ ಹೊತ್ತು ನಿಂತಿದ್ದ ಗೇರ್ ಸೈಕಲ್ಲು! ಅಗ್ಗಕ್ಕೆ ತಂದು ಉದ್ಧರಿಸಿದವನು ನಾನು. ಮಳೆ ಸುರಿಯಲಿ, ಚಳಿ ಕೊರೆಯಲಿ, ಬಿಸಿಲು ಸುಡಲಿ, ವರ್ಷವಿಡೀ ಆಫೀಸಿಗೆ ಇದರಲ್ಲೇ ಎಂಬುದು ನನ್ನ ಭೀಷ್ಮಪ್ರತಿಜ್ಞೆ. ಕೆಸರಿಗೆ ಮಡ್‌ಗಾರ್ಡು, ಕತ್ತಲಿಗೆ ದೀಪ, ಬ್ಯಾಗಿಗೆ ಕ್ಯಾರಿಯರು. ತುಕ್ಕಿಗೆ? ಎಣ್ಣೆ! ಚೈನಿಗೆ, ಗೇರಿಗೆ, ಕಡ್ಡಿಗೆ, ರಿಮ್ಮಿಗೆ. ಹೆತ್ತ ಮಗನಿಗೂ ನಾನು ಇಷ್ಟು ಎಣ್ಣೆ ತಿಕ್ಕಿದವನಲ್ಲ.

"ಇವತ್ತು ನೆಟ್ಟಗೆ ಆಫೀಸು ಮುಟ್ಟಿ ತೋರಿಸಿ, ನನ್ನ ಸ್ಕೂಟರ್ ಮಾರೋಣ. ಮುಟ್ಟದಿದ್ರೆ ಇದು ಗುಜರಿಗೆ," ಎಂದಳು. ಸ್ಕೂಟರು ಅವಳ ಪ್ರಾಣ. ಅದನ್ನೇ ಪಣಕ್ಕಿಟ್ಟಳಲ್ಲ!

ಸೀಟು ಬಿಗಿದು ಹೊರಟೆ. ಸಪಾಟು ರಸ್ತೆಯಲ್ಲಿ ನಾನೇ ರಾಜ. ಬ್ರೇಕಿನ ನೆನಪಾದದ್ದು ಆಫೀಸಿನ ಇಳಿಜಾರಿನಲ್ಲಿ. ಹಿಡಿದೆ. ನಿಲ್ಲಲಿಲ್ಲ. ಇನ್ನೂ ಬಲವಾಗಿ ಹಿಡಿದೆ. ವೇಗ ಹೆಚ್ಚಿತು! ಆಗ ಹೊಳೆಯಿತು: ಬ್ರೇಕಿನ ರಬ್ಬರು ಒತ್ತಿ ನಿಲ್ಲಿಸಬೇಕಾದದ್ದು ರಿಮ್ಮನ್ನು. ನಾನು ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದ ಅದೇ ರಿಮ್ಮನ್ನು!

ಎದುರಿಗೆ ಕಸದ ಲಾರಿ. ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಪಕ್ಕದಲ್ಲಿ ಸ್ಕೂಟರಿನ ಸದ್ದು. ತಿರುಗಿದರೆ ಹೆಂಡತಿ!

"ಬ್ರೇಕ್ ಹಿಡೀರೀ!"

"ಹಿಡಿದಿದ್ದೀನಿ ಕಣೇ! ಅದು ಹಿಡೀತಿಲ್ಲ!"

"ಕಾಲು ಊರಿ!"

"ಹೊಸ ಬೂಟು ಕಣೇ!"

"ಬೂಟು ಬೇಕೋ, ಹಲ್ಲು ಬೇಕೋ?"

ಊರಿದೆ. ಬೂಟೂ ಜಾರಿತು. ಆಫೀಸಿನ ಗೇಟಿನಲ್ಲಿ, ಪ್ರತಿಜ್ಞೆಯ ಸುದ್ದಿ ಕೇಳಿ ನನ್ನ ಸ್ವಾಗತಕ್ಕೆ ನಿಂತಿದ್ದ ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಗಡಿಯಾರ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. "ಗುಡ್ ಮಾರ್ನಿಂಗ್ ಸಾರ್!" ಎಂದು ಕೂಗುತ್ತಾ ಅವರೆಲ್ಲರ ಕಣ್ಣೆದುರೇ ಆಫೀಸು ದಾಟಿ ಹೋದೆ!

ರಸ್ತೆಯ ಕೊನೆಯ ಮುಳ್ಳುಬೇಲಿ ನನ್ನನ್ನು ಬಾಚಿ ತಬ್ಬಿಕೊಂಡಿತು. ಓಡಿಬಂದ ಹೆಂಡತಿ ಒಂದೊಂದೇ ಮುಳ್ಳು ಬಿಡಿಸತೊಡಗಿದಳು. ಉಸಿರು ಮರಳಿದ ಮೇಲೆ ಕೇಳಿದೆ:

"ಅಲ್ವೇ, ಬೆನ್ನ ಹಿಂದೇನೇ ಬಂದೆಯಲ್ಲ, ಬ್ರೇಕ್ ಹಿಡಿಯಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲಪ್ಪ," ಎಂದಳು, ನನ್ನ ಕಿವಿಯಿಂದ ಎಲೆ ತೆಗೆಯುತ್ತಾ. "ರಿಪೇರಿ ಮಾಡಿದ್ದು ನೀವು ಅಂತಷ್ಟೇ ಗೊತ್ತಿತ್ತು."