ಎಣ್ಣೆ ಹಚ್ಚದ ಡಾಕ್ಟ್ರಮ್ಮ

ಮಕ್ಕಳಿಗೆ ವ್ಯಾಯಾಮ ಮಾಡಿಸುವ ಕೆಲಸಕ್ಕೆ ಸೇರಿದವರು, ಮಕ್ಕಳಿಂದ ಒದೆ ತಿನ್ನುವುದನ್ನೂ ದೊಡ್ಡವರಿಂದ ಬುದ್ಧಿ ಹೇಳಿಸಿಕೊಳ್ಳುವುದನ್ನೂ ಕೆಲಸದ ಜೊತೆಗೇ ಬಂದದ್ದೆಂದು ತಿಳಿಯಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೆ. ವಾರಕ್ಕೊಂದು ದಿನ ಅರಕಲಗೂಡು, ಒಂದು ದಿನ ಹೊಳೆನರಸೀಪುರ, ಒಂದು ದಿನ ಚನ್ನರಾಯಪಟ್ಟಣ. ಫಿಸಿಯೋಥೆರಪಿ ಎಂಬ ಹೆಸರು ಆಗ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಸೂಜಿ ಚುಚ್ಚುವುದಿಲ್ಲ, ಮಾತ್ರೆ ಬರೆಯುವುದಿಲ್ಲ, ಚಾಪೆ ಹಾಸಿಕೊಂಡು ಮಗುವಿನ ಜೊತೆ ಆಡುತ್ತಾಳೆ. ಇವಳೆಂಥ ಡಾಕ್ಟರು ಎಂದು ಬಂದವರೆಲ್ಲ ಮೊದಲ ದಿನ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಗಿಲಕಿ

ದಂಡಿಗನಹಳ್ಳಿಯ ತೆಂಗಿನ ತೋಟದವರೊಬ್ಬರು ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಚನ್ನರಾಯಪಟ್ಟಣಕ್ಕೆ ಬಂದರು. ಮಗು ಕೂರುತ್ತಿತ್ತು, ಅಷ್ಟೇ. ನಿಲ್ಲುವುದಿರಲಿ, ಅಂಬೆಗಾಲೂ ಇಟ್ಟಿರಲಿಲ್ಲ. ತಾಯಿ ಕೇಳಿದ್ದು ಒಂದೇ ಮಾತು, "ನಡೀತಾಳಾ ಮೇಡಂ?" ಮಿಕ್ಕದ್ದನ್ನೆಲ್ಲ ಅವಳ ಅತ್ತೆ, ಅಂದರೆ ಮಗುವಿನ ಅಜ್ಜಿ, ಮಾತಾಡಿದರು. ಕಾಲಿಗೆ ತಿಕ್ಕಲಿ ಎಂದು ಮನೆಯಿಂದಲೇ ಎಣ್ಣೆ ಸೀಸೆ ಬೇರೆ ತಂದಿದ್ದರು.

ನಾನು ಸೀಸೆಯನ್ನು ಪಕ್ಕಕ್ಕಿಟ್ಟು, ಒಂದು ಗಿಲಕಿಯನ್ನು ಮಗುವಿನ ಕೈಗೆ ಎಟುಕದ ಹಾಗೆ ಇಟ್ಟೆ. ಅದಕ್ಕಾಗಿ ಮಗು ಬಾಗಬೇಕು, ಕೈ ಊರಬೇಕು, ಮೊಣಕಾಲು ಎಳೆಯಬೇಕು. ಮಗು ಬಾಗಿತು, ಮುಲುಕಿತು, ಅಳಲು ಶುರು ಮಾಡಿತು. ಅಜ್ಜಿ ಎದ್ದು ಬಂದು ಗಿಲಕಿಯನ್ನು ಅದರ ಕೈಗೆ ಕೊಟ್ಟರು. ಮತ್ತೆ ಇಟ್ಟೆ, ಮತ್ತೆ ಕೊಟ್ಟರು. ಹಾಗೆ ಕೊಡಬಾರದು, ಕಾಯಬೇಕು, ಮನೆಯಲ್ಲೂ ದಿನಾ ಹೀಗೇ ಮಾಡಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ನಿಧಾನವಾಗಿ ವಿವರಿಸಿದೆ. ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು ಮಗನ ಕಡೆ ತಿರುಗಿದರು.

"ಒಳ್ಳೆ ಎಣ್ಣು ಕಣ್ಲಾ. ಆದ್ರೆ ಕೊಡೋ ಕೈ ಇಲ್ಲ."

ಶುಕ್ರವಾರ ಹತ್ತೂವರೆ

ಅರಕಲಗೂಡಿನಲ್ಲಿ ಒಬ್ಬ ಮೇಷ್ಟ್ರು ಮತ್ತು ಅವರ ಹೆಂಡತಿ. ಮಗನನ್ನು ಶುಕ್ರವಾರ ಹತ್ತೂವರೆಗೆ ಕರೆತನ್ನಿ ಎಂದಿದ್ದೆ. ಗಡಿಯಾರ ನೋಡಿಕೊಂಡ ಹಾಗೆ ಬಂದರು, ಹೊರಗಿನ ಬೆಂಚಿನ ಮೇಲೆ ಕೂತರು, ಒಳಗೆ ಮಾತ್ರ ಬರಲಿಲ್ಲ. ಕರೆದರೆ ಬಂದೆವು ಬಂದೆವು ಎನ್ನುತ್ತಾರೆ, ಏಳುವುದಿಲ್ಲ. ಹನ್ನೆರಡಕ್ಕೆ ನಾನು ಬಸ್ಸಿಗೆ ಹೊರಡುವಾಗ ಒಳಗೆ ಬಂದರು. ಮುಂದಿನ ವಾರವೂ ಇದೇ ಕಥೆ. ಕೊನೆಗೆ ಮೇಷ್ಟ್ರು ಸಂಕೋಚದಿಂದ ಬಾಯಿಬಿಟ್ಟರು. ಅದು ರಾಹುಕಾಲ, ಒಳ್ಳೆಯ ಕೆಲಸ ಶುರು ಮಾಡುವ ಹಾಗಿಲ್ಲ. ಹಾಗಾದರೆ ಹನ್ನೆರಡಕ್ಕೇ ಬರಬಹುದಿತ್ತಲ್ಲ ಎಂದೆ. ನೀವು ಹೇಳಿದ ಹೊತ್ತಿಗೆ ಬರದಿದ್ದರೆ ಮರ್ಯಾದೆಯಲ್ಲ ಎಂದರು.

ಸರಿ, ಹುಡುಗನ ಕಾಲು ಮುಖ್ಯ, ರಾಹುವಿನ ಜೊತೆ ನನಗೇನು ಜಗಳ. ಮೊದಲ ಬಸ್ಸಿಗೇ ಬಂದು ಹತ್ತು ಗಂಟೆಗೆ ಶುರು ಮಾಡಿದೆ. ಹತ್ತೂವರೆಗೆ ಮುಗಿಸಿ, ಇನ್ನು ಹೊರಡಿ ಎಂದೆ. ಇಬ್ಬರೂ ಕದಲಲಿಲ್ಲ. ರಾಹುಕಾಲದಲ್ಲಿ ಪ್ರಯಾಣ ಹೊರಡುವ ಹಾಗೂ ಇಲ್ಲವಂತೆ. ಹನ್ನೆರಡರವರೆಗೆ ಸುಮ್ಮನೆ ಕೂತು ಏನು ಮಾಡುವುದು, ಹುಡುಗನಿಗೆ ಇನ್ನೊಂದಿಷ್ಟು ಮಾಡಿಸಿಬಿಡಿ ಎಂದರು. ನನ್ನ ಕೈಕೆಳಗೆ ಎಲ್ಲರಿಗಿಂತ ಬೇಗ ಓಡಾಡಿದವನು ಅವನೇ. ಆ ಕೀರ್ತಿ ರಾಹುವಿಗೇ ಸಲ್ಲಬೇಕು.

ಎಡಗೈ

ಹೊಳೆನರಸೀಪುರದ ಅರ್ಚಕರೊಬ್ಬರ ಮೊಮ್ಮಗನಿಗೆ ಎಡಗೈಯಲ್ಲಿ ಶಕ್ತಿ ಕಡಿಮೆ. ಆ ಕೈಯನ್ನು ಬಳಸುತ್ತಲೇ ಇರಲಿಲ್ಲ. ಏನು ಕೊಟ್ಟರೂ ಎಡಗೈಗೇ ಕೊಡಿ ಎಂದು ಮನೆಯವರಿಗೆ ಹೇಳಿದೆ. ತಾತನ ಮುಖ ಸಣ್ಣದಾಯಿತು. ಎಡಗೈಯಲ್ಲಿ ತಿನ್ನುವುದನ್ನು ಕಲಿಸಿ ಎಂದು ಅವರಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಮೊಮ್ಮಗನ ಮೇಲಿನ ಆಸೆಯಿಂದ ಕೊನೆಗೆ ಒಪ್ಪಿದರು. ಆದರೆ ಪ್ರಸಾದ ಮಾತ್ರ ಬಲಗೈಗೇ.

ಎರಡು ವಾರ ಕಳೆದರೂ ಕೈ ಇದ್ದ ಹಾಗೇ ಇತ್ತು. ವಿಚಾರಿಸಿದರೆ ಹುಡುಗ ಚಕ್ಕುಲಿಯನ್ನೂ ಪ್ರಸಾದ ಎನ್ನುತ್ತಿದ್ದಾನೆ, ಬಿಸ್ಕತ್ತನ್ನೂ ಪ್ರಸಾದ ಎನ್ನುತ್ತಿದ್ದಾನೆ. ದೇವರಿಗೆ ತೋರಿಸದೆ ನಮ್ಮಲ್ಲಿ ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಅವನು ಹೇಳುವುದು ಸುಳ್ಳಲ್ಲ ಎಂದು ತಾತನೂ ಅವನ ಪಕ್ಷ. ಪೂಜೆಯಲ್ಲಿ ಎಡಗೈಗೆ ಏನೂ ಕೆಲಸವೇ ಇಲ್ಲವೇ ಎಂದು ಕೇಳಿದೆ. ತಾತ ಯೋಚಿಸಿ, ಗಂಟೆ ಬಾರಿಸುವುದು ಎಡಗೈಯಲ್ಲೇ ಎಂದರು. ಅಂದಿನಿಂದ ನೈವೇದ್ಯದ ಗಂಟೆ ಹುಡುಗನದು ಎಂದು ತೀರ್ಮಾನವಾಯಿತು. ಗಂಟೆ ಬಾರಿಸಿದರೆ ತಿಂಡಿ ಸಿಗುತ್ತದೆ ಎಂಬುದು ಅವನಿಗೆ ಅಂದೇ ಸಂಜೆ ಹೊಳೆಯಿತು.

ಮುಂದಿನ ತಿಂಗಳು ತಾತ ಒಬ್ಬರೇ ಬಂದರು. "ಕೈ ಚೆನ್ನಾಗಿ ಆಡ್ತಿದೆ ಮೇಡಂ. ಇನ್ನು ನಮ್ಮ ಕಿವಿಗೆ ಯಾರನ್ನು ನೋಡೋಣ?"

ಹೊಸ್ತಿಲು

ಒಂದು ವರ್ಷದಲ್ಲಿ ದಂಡಿಗನಹಳ್ಳಿಯ ಮಗು ಅಂಬೆಗಾಲಿಡಲು ಕಲಿಯಿತು. ನನ್ನ ಕುರ್ಚಿ ಹಿಡಿದು ಎದ್ದು ನಿಲ್ಲುತ್ತಿತ್ತು. ತಾಯಿ ಪ್ರತಿ ವಾರವೂ ಅದೇ ಮಾತು ಕೇಳುತ್ತಿದ್ದಳು, ನಡೀತಾಳಾ ಎಂದು. ಮನೆಯಲ್ಲಿ ಎಲ್ಲೆಲ್ಲಿ ಓಡಾಡುತ್ತಾಳೆ ಎಂದರೆ ನಡುಮನೆಯಲ್ಲೇ ಎನ್ನುತ್ತಿದ್ದಳು. ಜಗುಲಿಗೆ ಬರುವುದಿಲ್ಲವೇ ಎಂದರೆ ಅತ್ತೆಯ ಮುಖ ನೋಡುತ್ತಿದ್ದಳು. ನನಗೂ ಯೋಚನೆ ಹತ್ತಿತು. ಒಂದು ದಿನ ಮನೆಗೇ ಹೋದೆ.

ಮಗು ಹಿಂದಿನ ಗೋಡೆಯ ಹತ್ತಿರದಿಂದ ಹೊರಟು, ಅಂಬೆಗಾಲಲ್ಲಿ ಸರಸರ ಬಂದು, ಹೊಸ್ತಿಲ ಮೇಲೆ ಕೈಯಿಟ್ಟಿತು. ಅಜ್ಜಿ ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಗೋಡೆಯ ಹತ್ತಿರ ಬಿಟ್ಟರು. ಅದು ಮತ್ತೆ ಹೊರಟಿತು. ಅಜ್ಜಿ ಮತ್ತೆ ಎತ್ತಿದರು. ಇದು ಬೆಳಗಿನಿಂದ ನಡೆಯುತ್ತಿತ್ತು, ಬೆಳಗಿನಿಂದ ಏನು, ಎರಡು ತಿಂಗಳಿಂದ. ಮಗು ಮೊದಲ ಸಲ ತಾನಾಗಿ ಅಂಬೆಗಾಲಲ್ಲಿ ಹೊಸ್ತಿಲು ದಾಟುವಾಗ ಹೊಸ್ತಿಲಿಗೆ ಪೂಜೆಯಾಗಬೇಕು, ಸೋದರತ್ತೆ ಆರತಿ ಎತ್ತಬೇಕು. ಸೋದರತ್ತೆ ಇರುವುದು ಹಾಸನದ ಹತ್ತಿರದ ಮೊಸಳೆ ಎಂಬ ಊರಿನಲ್ಲಿ. ಮೊದಲು ಆಷಾಢ ಅಡ್ಡ ಬಂತು, ಆಮೇಲೆ ಅವರ ಮನೆಯಲ್ಲಿ ಸೂತಕ, ಆಮೇಲೆ ಇಲ್ಲಿ ಕಾಯಿ ಕೀಳಿಸುವ ಗಡಿಬಿಡಿ.

"ಅವ್ಳು ಬರೋಗಂಟ ದಾಟಂಗಿಲ್ಲ ಮೇಡಮ್ಮಾ. ಶಾಸ್ತ್ರ ಇಲ್ದೆ ದಾಟುದ್ರೆ ಚೆಂದಾಗಿರ್ತದಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ನೋಡುತ್ತ ನೋಡುತ್ತ ಒಂದು ಮಾತು ಒಪ್ಪಲೇಬೇಕಾಯಿತು. ದಿನವಿಡೀ ಗೋಡೆಯಿಂದ ಹೊಸ್ತಿಲಿಗೆ ಹೀಗೆ ಅಂಬೆಗಾಲಿಡಿಸುವ ವ್ಯಾಯಾಮವನ್ನು ನಾನು ಹೇಳಿದ್ದರೆ ಯಾರೂ ಮಾಡಿಸುತ್ತಿರಲಿಲ್ಲ. ಸೋದರತ್ತೆಗೆ ಬೇಗ ಹೇಳಿಕಳಿಸಿ ಎಂದಷ್ಟೇ ಹೇಳಿ ಬಂದೆ.

ಶಾಸ್ತ್ರದ ದಿನ ನನ್ನನ್ನೂ ಕರೆದಿದ್ದರು. ಹೊಸ್ತಿಲಿಗೆ ಅರಿಶಿನ ಕುಂಕುಮ, ಒಳಗೆ ಹೋಳಿಗೆಯ ವಾಸನೆ, ಜಗುಲಿ ತುಂಬ ಅಕ್ಕಪಕ್ಕದವರು. ಸೋದರತ್ತೆ ಆರತಿ ತಟ್ಟೆ ಹಿಡಿದು ಹೊರಗೆ ನಿಂತಿದ್ದಳು. ತಾಯಿ ಮಗುವನ್ನು ಗೋಡೆಯ ಹತ್ತಿರ ಬಿಟ್ಟಳು. ಮಗು ಎಂದಿನ ಹಾಗೆ ಹೊಸ್ತಿಲವರೆಗೆ ಬಂದು, ಎತ್ತಿಕೊಳ್ಳಲಿ ಎಂದು ಅಜ್ಜಿಯ ಕಡೆ ತಿರುಗಿ ನೋಡಿತು. ಅಜ್ಜಿ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲವಾಡ ಹಿಡಿದು ಎದ್ದು ನಿಂತಿತು. ಒಂದು ಕಾಲು ಆಚೆಗೆ ಹಾಕಿತು, ಇನ್ನೊಂದನ್ನೂ ಹಾಕಿತು, ಕೈ ಬಿಟ್ಟು ಜಗುಲಿಯ ಮೇಲೆ ನಡೆದುಬಿಟ್ಟಿತು. ತಾಯಿ ಅಲ್ಲೇ ಕೂತು ಅತ್ತಳು.

ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಈ ಶಾಸ್ತ್ರ ಅಂಬೆಗಾಲಿನದು. ನಡೆಯುವುದಕ್ಕೆ ಏರ್ಪಾಡೇ ಆಗಿಲ್ಲ. ಮಗುವನ್ನು ಕೈಹಿಡಿದು ಒಳಗೆ ತಂದು ಅಂಬೆಗಾಲಿಗೆ ಕೂರಿಸಿದರು. ಅದು ಎದ್ದು ಮತ್ತೆ ನಡೆದೇ ಹೋಯಿತು. ಮತ್ತೆ ತಂದರು. ಕೊನೆಗೆ ಸೆರಗು ಸೊಂಟಕ್ಕೆ ಸಿಗಿಸಿ, ತಾವೇ ಕೈಕಾಲು ಊರಿ ಬಗ್ಗಿ, "ಇಂಗೆ ಕಣವ್ವಾ, ನೋಡ್ಕೊ" ಎಂದು ತೋರಿಸುತ್ತ ಹೊಸ್ತಿಲು ದಾಟಿದರು. ಮಗು ಅವರ ಪಕ್ಕದಲ್ಲೇ ನಡೆದು, ಅವರನ್ನು ಹಿಂದೆ ಹಾಕಿ, ಜಗುಲಿಯ ಅಂಚಿನ ಕಡೆ ಹೊರಟಿತು. ಬೀಳುತ್ತಾಳೆಂದು ತಾಯಿ ಹಿಂದೆ ಓಡಿದಳು. ಇಷ್ಟು ವರ್ಷ ಎತ್ತಿಕೊಂಡೇ ತಿರುಗಿದವಳು, ಮಗಳ ಹಿಂದೆ ಓಡಿದ್ದು ಅದೇ ಮೊದಲು.

ಯಾರಿಗೆ ಎತ್ತಬೇಕೆಂದು ತಿಳಿಯದೆ ಸೋದರತ್ತೆ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಅಜ್ಜಿ ಅಂಬೆಗಾಲಿನಲ್ಲೇ ತಲೆಯೆತ್ತಿ ತಮ್ಮ ಮಗಳನ್ನು ಗದರಿದರು:

"ಏನ್ ನೋಡ್ಕಂಡ್ ನಿಂತಿದ್ದೀಯೆ? ಮನೆಯೋರು ಯಾರೋ ಒಬ್ರು ದಾಟಿದ್ದಾತಲ್ಲ. ಎತ್ತು ಆರ್ತಿಯ."